ಸಂಕೇತ ಒಂಬತ್ತು

ಥಂಡರ್ ಬೇಯಲ್ಲಿ ಜನವರಿ. ಸರೋವರ ಕಲ್ಲಾಗಿದೆ,
ಮಾರ್ಚಿ ಕಳೆಯುವ ತನಕ ಹಡಗಿಲ್ಲ.
ಗೋಧಿ ಕಣಜಗಳು ಕತ್ತಲಲ್ಲಿ ಸಾಲಾಗಿ ನಿಂತಿವೆ,
ಅಂಗಡಿ ತೆರೆಯುವ ಮುನ್ನವೇ ಬಂದ ಗಿರಾಕಿಗಳ ಹಾಗೆ.

ಎರಡು ಹದಿನೇಳಕ್ಕೆ ಸಂಬಳದ ಪ್ರೋಗ್ರಾಂ ನಿಂತಿತು.
ಕೆಟ್ಟು ನಿಂತದ್ದಲ್ಲ; ಕೆಟ್ಟರೆ ಅದು
ಪುಟಗಟ್ಟಲೆ ಅಂಕಿ ಕಾರುತ್ತದೆ.
ನಾನು ನೋಡಿದ್ದು ಮೂರಕ್ಕೆ, ತೂಕಡಿಕೆ ಹರಿದ ಮೇಲೆ.
ಅಷ್ಟು ಹೊತ್ತೂ ಕೂಗದೆ, ಗಂಟೆ ಬಾರಿಸದೆ ಕಾದಿತ್ತು.
ಕಪ್ಪು ಪರದೆ, ಹಸಿರು ಅಕ್ಷರ, ಒಂದೇ ಸಾಲು:

        ಎದ್ದು ನಿಲ್ಲಿ. ಆಮೇಲೆ ಎಂಟರ್ ಒತ್ತಿ.

ನಾನು ಏಳಲಿಲ್ಲ.
ಕಾಲು ಹೀಟರಿನ ಮೇಲೆ, ಕೈಯಲ್ಲಿ ಅರ್ಧ ಸ್ಯಾಂಡ್‌ವಿಚ್.
ಪ್ರಿಂಟರಿಗೆ ಕಾಗದ ತುಂಬಲು ಎಬ್ಬಿಸುತ್ತಿದ್ದರೇನೋ ಅಂದುಕೊಂಡೆ.
ಆ ಪ್ರಿಂಟರು ಗುಜರಿಗೆ ಹೋಗಿ ಇಪ್ಪತ್ತು ವರ್ಷ.
ಕಿರುಬೆರಳಲ್ಲಿ ಒತ್ತಿದೆ. ಓಡಿತು.

ಬೆಳಿಗ್ಗೆ ಪ್ರೆಂಟಿಸ್ ಬಂದ, ಬೂಟಿನ ಹಿಮ ಒದರುತ್ತ.
"ಬ್ಯಾಂಕಿಗೆ ಫೈಲು ತಡ. ನಲವತ್ಮೂರು ನಿಮಿಷ.
ಯಾಕೆಂದು ನೋಡು. ನೋಡಿ, ಕಿತ್ತುಹಾಕು."

ನೋಡಿದೆ. ನಾಲ್ಕು ಸಾವಿರದ ನೂರಿಪ್ಪತ್ತನೇ ಸಾಲು.
ಈ ಹಳೇ ಭಾಷೆಯಲ್ಲಿ 'ನಿಲ್ಲು' ಅನ್ನುವುದಕ್ಕೆ ಎರಡು ಗತಿ.
ನಿಲ್ಲು ಎಂದು ಬರೆದು ಪಕ್ಕದಲ್ಲಿ 'ಓಟ' ಎಂದರೆ ಮುಗಿಯಿತು,
ಕಡತ ಮುಚ್ಚಿ ದೀಪ ಆರಿಸಿದಂತೆ.
ನಿಲ್ಲು ಎಂದು ಬರೆದು ಪಕ್ಕದಲ್ಲಿ
ಉದ್ಧರಣೆಯೊಳಗೆ ಒಂದು ಮಾತು ಇಟ್ಟರೆ
ಆ ಮಾತು ಹೇಳಿ ತಡೆಯುತ್ತದೆ,
ಕತೆ ಹೇಳುವಾಕೆ ಮಗು ಹೂಂಗುಟ್ಟಲಿ ಎಂದು
ನಡುವೆ ತಡೆದು ಕೂರುವ ಹಾಗೆ.
ಹೂಂ ಬಾರದಿದ್ದರೆ ಕತೆ ಅಲ್ಲೇ.
ಈ ಎರಡನೆಯ ನಿಲ್ಲನ್ನು ಹೊಸ ವ್ಯಾಕರಣದಲ್ಲಿ ಕೈಬಿಟ್ಟಿದ್ದಾರೆ.
ನಮ್ಮ ಯಂತ್ರಕ್ಕೆ ಇನ್ನೂ ಸುದ್ದಿ ತಲುಪಿಲ್ಲ.

ಅದರ ಮೇಲೊಂದು ಷರತ್ತು: ಸಂಕೇತ ಒಂಬತ್ತಾದರೆ.
ಅದರ ಮೇಲೆ, ಏಳನೇ ಕಂಬದಲ್ಲಿ ನಕ್ಷತ್ರ ಹಾಕಿ,
ಹಿ. ರೌ., ೧೯೭೩.

ಎರಡು ವರ್ಗ, ನಾಲ್ಕು ನಿವೃತ್ತಿ, ಆರು ವಜಾ.
ಒಂಬತ್ತೆಂದರೇನೆಂದು ಕೈಪಿಡಿಯಲ್ಲಿ ಇಲ್ಲ.
ಟಪಾಲಿನ ಲೋರ್ನಾಗೆ ಗೊತ್ತಿತ್ತು.
ಲಕೋಟೆ ಅಂಟಿಸುತ್ತಲೇ ಹೇಳಿದಳು:
ಹಿಲ್ಕಾ ರೌಟಿಯೊ. ಫಿನ್ನರ ಹುಡುಗಿ. ಏಲಕ್ಕಿ ಬ್ರೆಡ್ಡು ತರುತ್ತಿದ್ದಳು,
ಯಾರಿಗೂ ಕೊಡುತ್ತಿರಲಿಲ್ಲ.
ಆ ವರ್ಷ ತೂಕದ ಮನೆಯ ಒಬ್ಬ ಸತ್ತ.
ಮುಂದಿನ ಶುಕ್ರವಾರ ಯಂತ್ರ ಅವನ ಹೆಸರಿಗೂ ಚೆಕ್ ಹೊಡೆಯಿತು,
ಸಂಘದ ವಂತಿಗೆ ಕಳೆದು, ನಾಲ್ಕು ಡಾಲರ್ ಹನ್ನೊಂದು ಸೆಂಟು.
ಹೆಂಡತಿ ಬಂದು ಕೌಂಟರಿನ ಮೇಲೆ ಇಟ್ಟಳು. ಏನೂ ಅನ್ನಲಿಲ್ಲ.
ಒಳಗಿನಿಂದ ಹಿಲ್ಕಾ ನೋಡಿದಳು.

ಅಷ್ಟೇ. ಲಕೋಟೆ ಮುಗಿದವು.

ನಿನ್ನೆ ರಾತ್ರಿಯ ಹೆಸರನ್ನು ದಾಖಲೆಯಲ್ಲಿ ಹುಡುಕಿ ತೆಗೆದೆ:
ಟಾರಸ್ ಹವ್ರಿಲುಕ್, ಏಳನೇ ಗೇಟು, ಮೂವತ್ತೊಂದು ವರ್ಷ.
ನನ್ನ ಲಾಕರಿನ ಎದುರು ಲಾಕರು ಅವನದು.
ಬೀಗ ಇನ್ನೂ ಇದೆ.
ಆಸ್ಪತ್ರೆಯಲ್ಲಿದ್ದಾನೆಂದು ಕೇಳಿದ್ದೆ, ಹೋಗೋಣ ಅಂದುಕೊಂಡಿದ್ದೆ.

ಯಂತ್ರಕ್ಕೆ ನಾನು ಕೂತಿದ್ದು ಕಾಣುವುದಿಲ್ಲ.
ಹಿಲ್ಕಾಗೆ ಅದು ತಿಳಿಯದೇ ಇತ್ತೇ?
ಒತ್ತಿದ್ದು ಎದ್ದವನೋ, ಬಿದ್ದವನೋ,
ಅದಕ್ಕೆ ಎಲ್ಲ ಎಂಟರೂ ಒಂದೇ.
ತಿಳಿದೂ ಬರೆದಳು.

ಪ್ರೆಂಟಿಸ್ ಕೆಟ್ಟವನಲ್ಲ. ಫೈಲು ತಡವಾದರೆ
ಇನ್ನೂರು ಮನೆಯ ಬಾಡಿಗೆ ತಡವಾಗುತ್ತದೆ, ನಿಜ.
"ನಿದ್ದೆ ಹಾಕು," ಅಂದ. "ಐದು ಸೆಕೆಂಡ್. ತಾನೇ ಏಳುತ್ತದೆ."
ಗಡಿಯಾರಕ್ಕೆ ಕಾಯುವುದೂ ಮನುಷ್ಯನಿಗೆ ಕಾಯುವುದೂ
ಅವನ ಪ್ರಕಾರ ಒಂದೇ, ಎರಡಕ್ಕೂ ಹೊತ್ತು ಹಿಡಿಯುತ್ತದೆ.

ಹಾಕಿದೆ. ಹಳೆಯ ಸಾಲು ಅಳಿಸಲಿಲ್ಲ,
ಏಳನೇ ಕಂಬದಲ್ಲಿ ಅದಕ್ಕೂ ಒಂದು ನಕ್ಷತ್ರ ಕೊಟ್ಟೆ.
ಇನ್ನು ಯಂತ್ರ ಅದನ್ನು ಓದುವುದಿಲ್ಲ.

ಐದು ಸೆಕೆಂಡ್ ಸಾಕು, ಅಂದಹಾಗೆ,
ಹೀಟರಿನಿಂದ ಕಾಲಿಳಿಸಿ ಕುರ್ಚಿ ಹಿಂದೆ ಸರಿಸಿ
ಮೊಣಕಾಲು ನೆಟ್ಟಗಾಗಲು.
ಬಾಗಿಲು ಹಾಕಿಕೊಂಡು ಎರಡು ಸಲ ಅಳೆದೆ.